ಚಳಿ ಬಿಡುವ ಮೊದಲೇ ಅರಳುವ ಉಮೆ

ಆ ಹಳೆಯ ಮನೆಯ ಬೇಲಿಯ ತಿರುವಿನಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದು ಪರಿಮಳ. ಫೆಬ್ರವರಿಯ ಮೊದಲ ವಾರ, ಸಂಜೆ ಆರೂವರೆ, ಪೂರ್ತಿ ಕತ್ತಲು. ನಾವಿರುವ ಜಪಾನಿನ ತ್ಸುಕುಬಾದಲ್ಲಿ ಬೆಟ್ಟದಿಂದ ಇಳಿದು ಬರುವ ಒಣಗಾಳಿಗೆ ‘ತ್ಸುಕುಬಾ ಒರೋಶಿ’ ಎಂಬ ಹೆಸರೇ ಇದೆ. ಟೊಪ್ಪಿಗೆ, ಮಫ್ಲರ್ ಯಾವುದನ್ನೂ ಲೆಕ್ಕಿಸದೆ ಅದು ಕಿವಿಯನ್ನು ಹುಡುಕಿಕೊಂಡು ಬರುತ್ತದೆ. ಹೊಲದ ಮಣ್ಣು ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಕಾಲಿಟ್ಟರೆ ಹಪ್ಪಳದಂತೆ ಮುರಿಯುವ ದಿನಗಳು. ಅಂಥ ಗಾಳಿಯಲ್ಲಿ ಎಲ್ಲಿಂದಲೋ ಒಂದು ತೆಳ್ಳನೆಯ ಪರಿಮಳ ಬಂತು. ಜೇನಿನ ಹಾಗೆ, ಸ್ವಲ್ಪ ಬಾದಾಮಿಯ ಹಾಗೆ. ಹುಡುಕಲು ಹೋದರೆ ತಪ್ಪಿಸಿಕೊಳ್ಳುತ್ತದೆ, ಹೊರಟೆನೆಂದರೆ ಬೆನ್ನ ಹಿಂದೆ ಬರುತ್ತದೆ. ಮೊಬೈಲಿನ ಬೆಳಕು ಹಾಯಿಸಬಹುದಿತ್ತು, ಮನಸ್ಸಾಗಲಿಲ್ಲ. ವಸಂತದ ಇರುಳಿಗೆ ಬುದ್ಧಿಯಿಲ್ಲ, ಉಮೆ ಹೂವಿನ ಬಣ್ಣವನ್ನೇನೋ ಮುಚ್ಚಿಟ್ಟಿತು, ಪರಿಮಳವನ್ನು ಬಚ್ಚಿಡಲಾದೀತೇ ಎಂದು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಜಪಾನೀ ಕವಿ ಕೇಳಿದ್ದಾನೆ. ಮರುದಿನ ಬೆಳಿಗ್ಗೆ ಬೇಗ ಹೊರಟು ನೋಡಿದೆ. ಒಂದೇ ಒಂದು ಎಲೆಯಿಲ್ಲದ, ಕಪ್ಪಗೆ ಗಂಟುಗಂಟಾದ ಕೊಂಬೆಯ ಮೇಲೆ ಐದಾರು ಬಿಳಿ ಹೂವು.

ಊರಿನಿಂದ ಯಾರು ಫೋನ್ ಮಾಡಿದರೂ ಕೇಳುವುದು ಒಂದೇ ಪ್ರಶ್ನೆ: ಸಕುರಾ ಯಾವಾಗ? ಪ್ರವಾಸಕ್ಕೆ ಬರುವವರು ಆ ಚೆರ್ರಿ ಹೂವಿಗಾಗಿ ಮಾರ್ಚ್ ಕೊನೆಯ ವಾರಕ್ಕೇ ಟಿಕೆಟ್ ಹುಡುಕುತ್ತಾರೆ. ಸಕುರಾದ ಚೆಲುವಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಜಪಾನಿನ ವಸಂತ ಅಲ್ಲಿಂದ ಶುರುವಾಗುವುದಿಲ್ಲ ಎಂಬುದು ನನಗೆ ತಿಳಿಯಲು ಹಲವು ವರ್ಷ ಬೇಕಾಯಿತು. ನಾವು ಇಲ್ಲಿಗೆ ಬಂದು 11 ವರ್ಷವಾಯಿತು. ಮೊದಲ ಫೆಬ್ರವರಿಯಲ್ಲಿ ಇಂಥದೇ ಒಂದು ಮರದ ಚಿತ್ರ ತೆಗೆದು, ಸಕುರಾ ಅರಳಿತು ಎಂದು ಶಿರಸಿಯಲ್ಲಿರುವ ಅಮ್ಮನಿಗೆ ಕಳಿಸಿದ್ದೆ. ಮರುದಿನ ಕಚೇರಿಯ ಸಹೋದ್ಯೋಗಿ ಅದೇ ಚಿತ್ರ ನೋಡಿ, ಇದು ಉಮೆ ಎಂದು ತಿದ್ದಿದರು. ಆ ಸಂಜೆ ಅಮ್ಮನಿಗೂ ಸರಿಯಾದ ಹೆಸರು ಹೇಳಿದೆ.

“ಉಮೆಯೇ?” ಎಂದಳು ಅಮ್ಮ. “ಹಿಮಾಲಯದ ಚಳಿಯಲ್ಲಿ ತಪಸ್ಸಿಗೆ ನಿಂತವಳ ಹೆಸರನ್ನು ಚಳಿಯಲ್ಲಿ ಅರಳುವ ಹೂವಿಗೆ ಇಟ್ಟಿದ್ದಾರೆ. ಚೆನ್ನಾಗಿದೆ.”

ಎರಡು ಪದಗಳಿಗೂ ಸಂಬಂಧವಿಲ್ಲ, ಬರೀ ಉಚ್ಚಾರಣೆ ಒಂದೇ ಎಂದು ವಿವರಿಸಿದೆ. ಅಮ್ಮ ಒಪ್ಪಿದಳು, ಬಿಟ್ಟುಕೊಡಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತಾ ಓಡಿಹೋಗುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಉಮೆ ತುಂಬಿ ಅರಳುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಅಂದಿನಿಂದ ಪ್ರತಿ ವರ್ಷ ಅಮ್ಮ ಫೋನಿನಲ್ಲಿ ಕೇಳುತ್ತಾಳೆ: “ಉಮೆ ಬಂದಳೇ?”

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟವಲ್ಲ, ಹತ್ತಿರ ಹೋಗಬೇಕು ಅಷ್ಟೆ. ಸಕುರಾದ ಎಸಳಿನ ತುದಿಯಲ್ಲಿ ಸಣ್ಣ ಸೀಳು ಇರುತ್ತದೆ, ಉಮೆಯ ಎಸಳು ಗುಂಡಗೆ ಇರುತ್ತದೆ. ಸಕುರಾಕ್ಕೆ ಉದ್ದನೆಯ ತೊಟ್ಟು, ಹಾಗಾಗಿ ಗೊಂಚಲಾಗಿ ತೂಗುತ್ತದೆ. ಉಮೆಗೆ ತೊಟ್ಟು ಇದೆಯೋ ಇಲ್ಲವೋ ಎಂಬಷ್ಟು ಗಿಡ್ಡ. ಹೂವು ಕೊಂಬೆಗೇ ಅಂಟಿಸಿಟ್ಟ ಹಾಗೆ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಪ್ಲಮ್ ಎನ್ನುವುದು ರೂಢಿಯಾದರೂ ಸಸ್ಯಶಾಸ್ತ್ರದ ಪ್ರಕಾರ ಇದು ಏಪ್ರಿಕಾಟ್‌ಗೆ ಹೆಚ್ಚು ಹತ್ತಿರದ ನೆಂಟ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಪರಿಮಳದ್ದು. ಪಟ್ಟಣಗಳಲ್ಲಿ ಸಾಲುಸಾಲಾಗಿ ಕಾಣುವ ಸಕುರಾಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ.

ಇನ್ನೊಂದು ಸಂಗತಿ ಇದೆ. ಇಂದು ಜಪಾನಿನ ತುಂಬ ಕಾಣುವ ಸಕುರಾದಲ್ಲಿ ಬಹುಪಾಲು ‘ಸೋಮೇಯ್ ಯೊಶಿನೊ’ ಎಂಬ ಒಂದೇ ತಳಿ. ಕಸಿ ಮಾಡಿ ಬೆಳೆಸಿದ ಆ ಮರಗಳೆಲ್ಲ ಒಂದೇ ಮರದ ತದ್ರೂಪುಗಳು. ಹಾಗಾಗಿ ಒಂದು ಊರಿನಲ್ಲಿ ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಉಮೆಯಲ್ಲಿ ನೂರಾರು ತಳಿಗಳಿವೆ. ಬೇಗ ಅರಳುವವು, ನಡುವೆ ಅರಳುವವು, ತಡವಾಗಿ ಅರಳುವವು, ಹಾಲು ಬಿಳುಪು, ನಸುಗೆಂಪು, ಕುಂಕುಮದ ಕೆಂಪು, ಐದೆಸಳು, ಸುತ್ತೆಸಳು. ಒಂದೇ ತೋಪಿನಲ್ಲಿ ಜನವರಿಯ ಕೊನೆಯಿಂದ ಮಾರ್ಚ್ ಕೊನೆಯವರೆಗೂ ಯಾವುದೋ ಒಂದು ಮರ ಅರಳುತ್ತಲೇ ಇರುತ್ತದೆ. ಸಕುರಾದ ಕೆಳಗೆ ಜನ ನೀಲಿ ಹಾಳೆ ಹಾಸಿ, ಊಟ ಬಿಚ್ಚಿ, ಗುಂಪಾಗಿ ನಗುತ್ತಾರೆ. ಉಮೆಯ ತೋಪಿನಲ್ಲಿ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟು ಮೆಲ್ಲನೆ ನಡೆಯುತ್ತಾರೆ. ಒಂದು ಮರದ ಬಳಿ ನಿಲ್ಲುತ್ತಾರೆ, ಕೊಂಬೆಗೆ ಮೂಗು ಒಡ್ಡುತ್ತಾರೆ, ತಳಿಯ ಹೆಸರು ಬರೆದ ಹಲಗೆ ಓದುತ್ತಾರೆ, ಮುಂದಿನ ಮರಕ್ಕೆ ಹೋಗುತ್ತಾರೆ. ಇನ್ನೂ ಎಲ್ಲೂ ಹೂವಿಲ್ಲದ ಚಳಿಗಾಲದಲ್ಲಿ ಮೊದಲ ಉಮೆಯನ್ನು ಹುಡುಕಿಕೊಂಡು ಅಲೆಯುವುದಕ್ಕೆ ‘ತಾಂಬಾಯ್’ ಎಂಬ ಪದವಿದೆ. ಹೈಕು ಬರೆಯುವವರಿಗೆ ಅದು ಚಳಿಗಾಲವನ್ನು ಸೂಚಿಸುವ ಪದ.

ಹೂವಿಗೆ ಬರುವ ಹಕ್ಕಿಯ ಬಗ್ಗೆಯೂ ಒಂದು ಮಾತು. ಚಿತ್ರಗಳಲ್ಲಿ, ಹನಾಫುದಾ ಎಂಬ ಇಸ್ಪೀಟಿನ ಫೆಬ್ರವರಿ ಎಲೆಯಲ್ಲಿ, ಉಮೆಯ ಜೊತೆಗೆ ಉಗುಯಿಸು ಎಂಬ ಹಾಡುಹಕ್ಕಿ ಇರುತ್ತದೆ. ನಿಜವಾಗಿ ಮರದಲ್ಲಿ ತಲೆಕೆಳಗಾಗಿ ಜೋತು ಮಕರಂದ ಹೀರುವುದು ಮೆಜಿರೋ. ಹಸಿರು ಮೈ, ಕಣ್ಣಿನ ಸುತ್ತ ಸುಣ್ಣ ಬಳಿದಂಥ ಬಿಳಿ ಉಂಗುರ. ನಮ್ಮ ಮಲೆನಾಡಿನ ತೋಟಗಳಲ್ಲೂ ಇದರ ಹತ್ತಿರದ ಬಂಧು ಇದೆ. ಮೊದಲ ಬಾರಿ ಅದನ್ನು ಇಲ್ಲಿ ಕಂಡಾಗ, ಪರಊರಿನ ಜಾತ್ರೆಯಲ್ಲಿ ನಮ್ಮ ಕೇರಿಯವರು ಸಿಕ್ಕಷ್ಟು ಸಂತೋಷವಾಗಿತ್ತು.

ಈ ವರ್ಷದ ಉಮೆಯನ್ನು ನಾನು ಬೇರೆ ಕಣ್ಣಿನಿಂದ ನೋಡಿದೆ. ಬಂದಾಗ ನಾಲ್ಕು ವರ್ಷದವಳಾಗಿದ್ದ ಮಗಳಿಗೆ ಈಗ 15. ಇಲ್ಲಿ ಒಂಬತ್ತನೆಯ ತರಗತಿ ಮುಗಿಸಿದವರು ಹೈಸ್ಕೂಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಆ ಪರೀಕ್ಷೆಗಳು ಬರುವುದು ಸರಿಯಾಗಿ ಉಮೆಯ ಕಾಲದಲ್ಲಿ. ಇದು ಬರೀ ಕಾಕತಾಳೀಯವೆಂದು ಬಿಡುವ ಹಾಗಿಲ್ಲ. ಉಮೆಗೂ ಓದಿಗೂ ಬಹಳ ಹಳೆಯ ನಂಟಿದೆ. ಈ ಮರಕ್ಕೆ ‘ಕೋಬುನ್‌ಬೊಕು’, ಅಂದರೆ ವಿದ್ಯೆಯನ್ನು ಪ್ರೀತಿಸುವ ಮರ, ಎಂಬ ಇನ್ನೊಂದು ಹೆಸರಿದೆ. ಚೀನಾದ ಒಬ್ಬ ಅರಸ ಮನಸ್ಸಿಟ್ಟು ಓದಿದಾಗ ಉಮೆ ಅರಳುತ್ತಿತ್ತು, ಓದು ಬಿಟ್ಟಾಗ ಬಾಡುತ್ತಿತ್ತು ಎಂಬ ಕಥೆಯಿಂದ ಬಂದ ಹೆಸರು.

ಮರವೇ ಚೀನಾದಿಂದ ಬಂದದ್ದು. ನಾರಾ ರಾಜಧಾನಿಯಾಗಿದ್ದ ಎಂಟನೆಯ ಶತಮಾನದಲ್ಲಿ ಅದು ವಿದ್ವಾಂಸರ, ಶ್ರೀಮಂತರ ಅಂಗಳದ ಮರ. ಆ ಕಾಲದ ಕವಿತೆಗಳ ಮಹಾಸಂಕಲನ ಮಾನ್ಯೋಶೂವಿನಲ್ಲಿ ಉಮೆಯ ಬಗ್ಗೆ ಸುಮಾರು 120 ಕವಿತೆಗಳಿವೆ, ಸಕುರಾದ ಬಗ್ಗೆ ಅದರ ಅರ್ಧದಷ್ಟೂ ಇಲ್ಲ. ಕ್ಯೋಟೋ ಅರಮನೆಯ ಮುಖ್ಯ ಸಭಾಭವನದ ಮುಂದೆ ಈಗ ಸಕುರಾ ಮರವಿದೆ. ಮೊದಲು ಅಲ್ಲಿದ್ದದ್ದು ಉಮೆ. ಒಂಬತ್ತನೆಯ ಶತಮಾನದಲ್ಲಿ ಅದು ಒಣಗಿದ ಮೇಲೆ ಆ ಜಾಗ ಸಕುರಾದ ಪಾಲಾಯಿತು. ಅಲ್ಲಿಂದ ಮುಂದೆ ಜಪಾನೀಯರ ಕಣ್ಣೂ ಮೆಲ್ಲಮೆಲ್ಲನೆ ಸಕುರಾದ ಕಡೆ ಹೊರಳಿತು.

ಪೂರ್ತಿ ಮರೆತರು ಎಂದೇನೂ ಅಲ್ಲ. 2019ರ ಏಪ್ರಿಲ್ 1ರಂದು ಹೊಸ ಚಕ್ರವರ್ತಿಯ ಕಾಲಕ್ಕೆ ‘ರೇಯ್ವಾ’ ಎಂಬ ಹೆಸರು ಘೋಷಣೆಯಾದಾಗ ನಾನು ಕಚೇರಿಯಲ್ಲಿದ್ದೆ. ಎಲ್ಲರೂ ಕೆಲಸ ಬಿಟ್ಟು ಮೊಬೈಲ್ ನೋಡುತ್ತಿದ್ದರು. ಕ್ರಿ.ಶ. 730ರಲ್ಲಿ ದಜೈಫುವಿನಲ್ಲಿ ಅಧಿಕಾರಿಯಾಗಿದ್ದ ಓತೊಮೊ ನೊ ತಬಿತೊ ಎಂಬಾತ ತನ್ನ ಮನೆಯಲ್ಲಿ ಉಮೆಯ ಹಬ್ಬದೂಟ ಏರ್ಪಡಿಸಿದ್ದ. ಬಂದವರೆಲ್ಲ ಉಮೆಯ ಮೇಲೆ ಒಂದೊಂದು ಕವಿತೆ ಹೇಳಿದರು, ಒಟ್ಟು 32 ಕವಿತೆಗಳಾದವು. ಅವುಗಳಿಗೆ ಬರೆದ ಮುನ್ನುಡಿಯ ಅಕ್ಷರಗಳಿಂದಲೇ ರೇಯ್ವಾ ಎಂಬ ಹೆಸರನ್ನು ಆರಿಸಿದ್ದು. ಅದುವರೆಗೆ ಇಂಥ ಹೆಸರುಗಳನ್ನು ಚೀನೀ ಗ್ರಂಥಗಳಿಂದ ಆರಿಸುವುದು ರೂಢಿ. ಜಪಾನಿನದೇ ಹಳೆಯ ಸಾಹಿತ್ಯದಿಂದ ಆರಿಸಿದ್ದು ಇದೇ ಮೊದಲು. ಪೇಟೆಯಲ್ಲಿ ಹಾಲಿನ ಪ್ಯಾಕೆಟ್ ಕೊಂಡರೆ ರಸೀದಿಯ ಮೇಲೆ ರೇಯ್ವಾ ವರ್ಷ ಅಚ್ಚಾಗಿರುವುದುಂಟು. ಅದರ ಹಿಂದೆ 1,300 ವರ್ಷಗಳ ಹಿಂದಿನ ಒಂದು ಉಮೆಯ ತೋಟವಿದೆ ಎಂದು ನೆನಪಾದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅದೇ ದಜೈಫುವಿಗೆ ಸೇರಿದ ಇನ್ನೊಬ್ಬನ ಕಥೆ ಜಪಾನಿನ ಪ್ರತಿ ವಿದ್ಯಾರ್ಥಿಗೂ ಗೊತ್ತು. ಸುಗವಾರಾ ನೊ ಮಿಚಿಜಾನೆ, 845ರಲ್ಲಿ ಹುಟ್ಟಿದ ಪಂಡಿತ, ಕವಿ. ವಿದ್ಯೆಯ ಬಲದಿಂದಲೇ ಮಂತ್ರಿಪದವಿಗೇರಿದ. ಎದುರಾಳಿಗಳ ಚಾಡಿಮಾತಿಗೆ ಬಲಿಯಾಗಿ 901ರಲ್ಲಿ ಕ್ಯೋಟೋದಿಂದ ದೂರದ ದಜೈಫುವಿಗೆ ಗಡೀಪಾರಾದ. ಹೊರಡುವಾಗ ಮನೆಯಂಗಳದ ಉಮೆಗೆ ಒಂದು ಕವಿತೆ ಹೇಳಿದ: ಮೂಡಣ ಗಾಳಿ ಬೀಸಿದಾಗ ಪರಿಮಳ ಕಳಿಸು, ಒಡೆಯನಿಲ್ಲವೆಂದು ವಸಂತವನ್ನು ಮರೆಯಬೇಡ. ಆ ಮರ ಅಗಲಿಕೆಯನ್ನು ತಾಳಲಾರದೆ ಒಂದೇ ರಾತ್ರಿಯಲ್ಲಿ ಹಾರಿ ದಜೈಫುವಿಗೆ ಬಂತು ಎಂಬ ನಂಬಿಕೆಯಿದೆ. ಅಲ್ಲಿನ ದೇವಾಲಯದಲ್ಲಿ ಇಂದಿಗೂ ‘ತೊಬಿಉಮೆ’, ಅಂದರೆ ಹಾರಿಬಂದ ಉಮೆ, ಎಂದು ಒಂದು ಮರವನ್ನು ತೋರಿಸುತ್ತಾರೆ. 903ರಲ್ಲಿ ಆತ ಅಲ್ಲೇ ತೀರಿಕೊಂಡ.

ಶಿರಸಿಯಿಂದ ಬನವಾಸಿ ಕೂಗಳತೆಯ ದೂರ. ತೆಂಕಣ ಗಾಳಿ ಸೋಂಕಿದರೆ, ಬಿರಿದ ಮಲ್ಲಿಗೆ ಕಂಡರೆ ಬನವಾಸಿ ನೆನಪಾಗುತ್ತದೆ ಎಂದು ನಮ್ಮ ಆದಿಕವಿ ಹಾಡಿದ್ದು ಅದೇ ಹತ್ತನೆಯ ಶತಮಾನದಲ್ಲಿ. ಒಬ್ಬನಿಗೆ ಮೂಡಣ ಗಾಳಿ, ಇನ್ನೊಬ್ಬನಿಗೆ ತೆಂಕಣ ಗಾಳಿ. ಇಬ್ಬರಿಗೂ ಊರು ಸಿಕ್ಕಿದ್ದು ಗಾಳಿ ಮತ್ತು ಹೂವಿನಲ್ಲಿ. ಊರು ಬಿಟ್ಟು ಬಂದ ನನ್ನಂಥವರಿಗೆ ಈ ಎರಡು ಕವಿತೆಗಳು ಪಕ್ಕಪಕ್ಕದ ಮನೆಯವು ಎನಿಸುತ್ತದೆ.

ಮಿಚಿಜಾನೆ ಸತ್ತ ಮೇಲೆ ರಾಜಧಾನಿಯಲ್ಲಿ ಅನಾಹುತಗಳು ಒಂದರ ಹಿಂದೊಂದು ಬಂದವು. 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ನೊಂದ ಜೀವದ ಸಿಟ್ಟು ಇದು ಎಂದು ಹೆದರಿದ ಜನ 947ರಲ್ಲಿ ಕ್ಯೋಟೋದ ಕಿತಾನೋದಲ್ಲಿ ಅವನಿಗೆ ಗುಡಿ ಕಟ್ಟಿದರು. ಸಿಡಿಲಿನ ದೇವರಾಗಿದ್ದವನು ಕಾಲ ಕಳೆದಂತೆ ವಿದ್ಯೆಯ ದೇವರಾದ. ತೆಂಜಿನ್ ಎಂದು ಅವನನ್ನು ಪೂಜಿಸುವ ಗುಡಿಗಳು ಈಗ ದೇಶದ ತುಂಬ ಇವೆ, ಅವುಗಳ ಅಂಗಳದಲ್ಲಿ ಉಮೆ ಇದ್ದೇ ಇರುತ್ತದೆ. ಕಿತಾನೋದಲ್ಲಿ ಅವನ ಪುಣ್ಯತಿಥಿಯಾದ ಫೆಬ್ರವರಿ 25ರಂದು ಉಮೆಯ ಹಬ್ಬ ನಡೆಯುತ್ತದೆ. ಪಕ್ಕದ ಕಾಮಿಶಿಚಿಕೆನ್ ಕೇರಿಯ ಗೇಯ್ಕೊ, ಮಾಯ್ಕೊ ಕಲಾವಿದೆಯರು ಬಯಲಿನಲ್ಲೇ ಕೂತು ಬಂದವರಿಗೆ ಚಹಾ ಕೊಡುತ್ತಾರೆ.

ನಾವು ಹೋದದ್ದು ಟೋಕಿಯೋದ ಯುಶಿಮಾ ತೆಂಜಿನ್‌ಗೆ. ತ್ಸುಕುಬಾದಿಂದ ಅಕಿಹಾಬಾರಾಕ್ಕೆ ವೇಗದ ರೈಲಿನಲ್ಲಿ 45 ನಿಮಿಷ, ಅಲ್ಲಿಂದ ನಡೆದೇ ಹೋಗಬಹುದು. ಸಣ್ಣ ದಿಬ್ಬದ ಮೇಲಿನ ಗುಡಿ, ಸುತ್ತ ಎತ್ತರದ ಕಟ್ಟಡಗಳು, ನಡುವೆ ಸುಮಾರು 300 ಉಮೆ ಮರಗಳು, ಹೆಚ್ಚಿನವು ಬಿಳಿ. ಆದರೆ ಅಲ್ಲಿ ಹೂವಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಎಮಾ, ಹರಕೆ ಬರೆದು ಕಟ್ಟುವ ಮರದ ಪುಟ್ಟ ಹಲಗೆಗಳು. ಒಂದರ ಮೇಲೊಂದು, ಒಂದರ ಮೇಲೊಂದು, ಜೇನುಗೂಡಿನ ಹಾಗೆ ಉಬ್ಬಿ ನಿಂತಿದ್ದವು. ಪ್ರತಿಯೊಂದರಲ್ಲೂ ಒಂದು ಶಾಲೆಯ ಹೆಸರು, ಕೆಳಗೆ ಮಗುವಿನ ಕೈಬರಹ. ಕೆಲವು ತಾಯಂದಿರು ಬರೆದವು. ಒಂದರಲ್ಲಿ, ಆರೋಗ್ಯವಾಗಿ ಪರೀಕ್ಷೆಯ ಕೊಠಡಿ ತಲುಪಿದರೆ ಸಾಕು ಎಂದು ಮಾತ್ರ ಇತ್ತು. ನಾನು ಆ ಹಲಗೆಯ ಮುಂದೆ ಬಹಳ ಹೊತ್ತು ನಿಂತೆ.

ಮಗಳು ತನ್ನ ಹಲಗೆಯಲ್ಲಿ ಒಂದು ಬದಿ ಜಪಾನಿ, ಇನ್ನೊಂದು ಬದಿ ಕನ್ನಡ ಬರೆದಳು. ಕನ್ನಡದ ಬದಿಯಲ್ಲಿ ಏನು ಬರೆದೆ ಎಂದು ಕೇಳಿದರೆ ತೋರಿಸಲಿಲ್ಲ. “ದೇವರಿಗೆ ಬರೆದದ್ದು, ಅಮ್ಮ” ಎಂದಳು. ನಮ್ಮ ಮನೆಯಲ್ಲಿ ಸರಸ್ವತಿಯ ಪಟವಿದೆ, ಪರೀಕ್ಷೆಯ ಬೆಳಿಗ್ಗೆ ಪೆನ್ನು ಪುಸ್ತಕ ಅಲ್ಲಿಟ್ಟು ಕೈಮುಗಿಯುವ ರೂಢಿಯೂ ಇದೆ. ಈ ದೇವರಿಗೂ ಕೈಮುಗಿಯುವುದು ಅವಳಿಗೆ ಸಹಜವಾಗಿಯೇ ಬಂತು.

ಪರೀಕ್ಷೆ ಬರೆಯುವವರಿರುವ ಜಪಾನೀ ಮನೆಯಲ್ಲಿ ಕೆಲವು ಪದಗಳನ್ನು ಆಡುವುದಿಲ್ಲ. ‘ಸುಬೆರು’, ಜಾರುವುದು. ‘ಒಚಿರು’, ಬೀಳುವುದು. ಎರಡಕ್ಕೂ ನಪಾಸಾಗುವುದು ಎಂಬ ಅರ್ಥವಿದೆ. ಹಿಂದೆ ದೂರದ ಊರಿನಿಂದ ಬಂದು ವಿಶ್ವವಿದ್ಯಾಲಯದ ಪರೀಕ್ಷೆ ಬರೆದವರಿಗೆ ಫಲಿತಾಂಶ ತಂತಿಯಲ್ಲಿ ಬರುತ್ತಿತ್ತು. ಪಾಸಾಗಿದ್ದರೆ ‘ಸಕುರಾ ಸಕು’, ಸಕುರಾ ಅರಳಿತು. ಇಲ್ಲವಾದರೆ ‘ಸಕುರಾ ಚಿರು’, ಸಕುರಾ ಉದುರಿತು. ಈಗ ಫಲಿತಾಂಶಕ್ಕೆ ತಂತಿ ಕಾಯುವವರಿಲ್ಲ, ಮಾತು ಉಳಿದಿದೆ.

ಈ ಪದಗಳ ಜಾಡು ಹಿಡಿದು ಹೋದಾಗ ನನಗೆ ಸಿಕ್ಕಿದ್ದು ಜಪಾನೀ ಭಾಷೆಯ ಒಂದು ಸೂಕ್ಷ್ಮ. ಪ್ರತಿ ಹೂವೂ ಮರದಿಂದ ಅಗಲುವ ಬಗೆಗೆ ಅವರಲ್ಲಿ ಬೇರೆಬೇರೆ ಕ್ರಿಯಾಪದಗಳಿವೆ. ಸಕುರಾ ಚದುರಿ ಉದುರುತ್ತದೆ. ಕ್ಯಾಮೀಲಿಯಾ ಇಡೀ ಹೂವಾಗಿ ಧೊಪ್ಪನೆ ಬೀಳುತ್ತದೆ. ದೊಡ್ಡ ಎಸಳಿನ ಪಿಯೋನಿ ಕುಸಿಯುತ್ತದೆ. ಸೇವಂತಿಗೆ ಕುಣಿಯುತ್ತದೆ. ಉಮೆಗೆ ಬಳಸುವ ಪದ ‘ಕೊಬೊರೆರು’, ತುಳುಕುತ್ತದೆ. ಬಟ್ಟಲಿನಿಂದ ನೀರು ತುಳುಕುವುದಕ್ಕೆ, ಕಣ್ಣಿನಿಂದ ಹನಿ ಜಿನುಗುವುದಕ್ಕೆ ಬಳಸುವ ಅದೇ ಪದ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ ನಾವು. ಉಮೆಯ ಮರ ತುಂಬಿದ ಮೇಲೆಯೇ ತುಳುಕುತ್ತದೆ, ಒಂದೆರಡು ಎಸಳು ಈಗ, ಒಂದೆರಡು ನಾಳೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ, ಬೇಲಿಯ ಪಕ್ಕದ ಉಮೆ ಬೀಳಲು ಶುರುವಾಗಿದೆ ಎಂದುಬಿಟ್ಟೆ. ಹೇಳಿದ ಕೂಡಲೇ ಆ ಪದ ಆಡಬಾರದಿತ್ತು ಎಂದು ನೆನಪಾಗಿ ಎದೆ ಹಾರಿತು. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಉಮೆ ಬೀಳುವುದಿಲ್ಲ ಅಮ್ಮ, ತುಳುಕುತ್ತದೆ” ಎಂದಳು.

ಪರೀಕ್ಷೆಗೆ ಒಂದು ವಾರ ಮೊದಲು, ಒಂದು ಭಾನುವಾರ, ಅವಳನ್ನು ಬಲವಂತದಿಂದ ಮಿತೋಗೆ ಕರೆದುಕೊಂಡು ಹೋದೆ. ಅರ್ಧ ದಿನದ ಓದು ಹಾಳಾಯಿತು ಎಂದು ಅವಳ ಅಪ್ಪನಿಗೆ ಅಸಮಾಧಾನ. ನನಗೆ ಆ ಅರ್ಧ ದಿನ ಓದಿಗಿಂತ ಅಗತ್ಯ ಎನಿಸಿತ್ತು. ಮಿತೋದ ಕೈರಾಕುಎನ್ ಜಪಾನಿನ ಮೂರು ಹೆಸರಾಂತ ಉದ್ಯಾನಗಳಲ್ಲಿ ಒಂದು. ಸುಮಾರು 3,000 ಉಮೆ ಮರಗಳು, 100 ತಳಿಗಳು. ಜೋಬಾನ್ ರೈಲುಮಾರ್ಗದಲ್ಲಿ ಉದ್ಯಾನದ ಬುಡದಲ್ಲೇ ಒಂದು ತಾತ್ಕಾಲಿಕ ನಿಲ್ದಾಣವಿದೆ. ಉಮೆಯ ಕಾಲದಲ್ಲಿ ಮಾತ್ರ ಅದರ ಬಾಗಿಲು ತೆರೆಯುತ್ತದೆ, ಅದೂ ಟೋಕಿಯೋ ಕಡೆಯಿಂದ ಬರುವ ರೈಲುಗಳಿಗೆ ಮಾತ್ರ. ಹೂವಿಗಾಗಿ ರೈಲು ನಿಲ್ಲುವ ದೇಶ ಇದು.

ಇದನ್ನು ಕಟ್ಟಿಸಿದವನು ಮಿತೋ ಸಂಸ್ಥಾನದ ಒಂಬತ್ತನೆಯ ದೊರೆ ತೊಕುಗಾವಾ ನಾರಿಯಾಕಿ. 1841ರಲ್ಲಿ ಕೋದೋಕಾನ್ ಎಂಬ ವಿದ್ಯಾಶಾಲೆ ತೆರೆದ, ಮರುವರ್ಷ ಈ ಉದ್ಯಾನ. ಅಲ್ಲಿ ಓದಿ, ಇಲ್ಲಿ ಬಂದು ಮನಸ್ಸು ಸಡಿಲಿಸಬೇಕು ಎಂಬುದು ಅವನ ಲೆಕ್ಕ. ಎರಡನ್ನೂ ಜೋಡಿಯಾಗಿಯೇ ಯೋಚಿಸಿದ್ದ. ಕೈರಾಕು ಎಂದರೆ ಜನರೊಂದಿಗೆ ಕೂಡಿ ಸಂತೋಷಪಡುವುದು. ಉಮೆಯನ್ನೇ ಏಕೆ ನೆಟ್ಟ ಎಂಬುದನ್ನೂ ಅವನು ಕಲ್ಲಿನ ಮೇಲೆ ಬರೆಸಿದ್ದಾನೆ. ಹೂವು ಹಿಮವನ್ನು ಎದುರಿಸಿ ವಸಂತಕ್ಕಿಂತ ಮೊದಲೇ ಬಂದು ಕವಿಗಳಿಗೆ ಗೆಳೆಯನಾಗುತ್ತದೆ, ಹುಳಿ ತುಂಬಿದ ಹಣ್ಣು ಬಾಯಾರಿಕೆ ತಣಿಸಿ ಸೈನ್ಯಕ್ಕೆ ಒದಗುತ್ತದೆ ಎಂಬುದು ಅದರ ಸಾರ. ಮುಂಬಾಗಿಲಿನಿಂದ ಹೋದರೆ ಮೊದಲು ಬಿದಿರು ಮತ್ತು ದೇವದಾರುವಿನಂಥ ಎತ್ತರದ ಮರಗಳ ಕತ್ತಲು. ತಣ್ಣಗೆ, ಹಸಿಹಸಿಯಾಗಿ, ಮಾತು ತಾನಾಗಿ ತಗ್ಗುವ ದಾರಿ. ಅದು ಮುಗಿದ ಮೇಲೆ ಒಮ್ಮೆಲೇ ಬಿಸಿಲು, ಬಿಸಿಲಿನ ತುಂಬ ಉಮೆ. ಕತ್ತಲಿನಿಂದ ಬೆಳಕಿಗೆ ಬರಲಿ ಎಂದೇ ಹಾಗೆ ರೂಪಿಸಿದ ದಾರಿ ಅದು. ಪಕ್ಕದ ಗೇಟಿನಿಂದ ನುಗ್ಗುವವರಿಗೆ ಈ ಅನುಭವ ಸಿಗುವುದಿಲ್ಲ. ನೀವು ಹೋದರೆ ದಯವಿಟ್ಟು ಸ್ವಲ್ಪ ಸುತ್ತಾದರೂ ಮುಂಬಾಗಿಲಿನಿಂದಲೇ ಹೋಗಿ.

ಮಗಳು ಅಲ್ಲಿ ಒಂದು ಗಂಟೆ ಮಾತಾಡಲಿಲ್ಲ. ಒಂದು ಹಳೆಯ ಮರದ ಕಾಂಡ ಪೂರ್ತಿ ಟೊಳ್ಳಾಗಿತ್ತು, ಉಳಿದದ್ದು ಅಂಗೈ ಅಗಲದ ತೊಗಟೆ, ಅದರ ಕೊನೆಯಲ್ಲಿ ಹೊಸ ಕೊಂಬೆ, ಕೊಂಬೆಯ ತುಂಬ ಹೂವು. ಸಕುರಾ ಕಡಿಯುವವನು ಮೂರ್ಖ, ಉಮೆ ಕಡಿಯದವನು ಮೂರ್ಖ ಎಂದು ಇಲ್ಲಿನ ಗಾದೆ. ಸಕುರಾದ ಕೊಂಬೆ ಕಡಿದರೆ ಗಾಯ ಕೊಳೆಯುತ್ತದೆ. ಉಮೆಯನ್ನು ವರ್ಷವರ್ಷ ಸವರಿದರೆ ಹೊಸ ಕೊಂಬೆಯಲ್ಲಿ ಚೆನ್ನಾಗಿ ಹೂ ಬಿಡುತ್ತದೆ. ಆ ಮರದ ಬಳಿ ಅವಳು ಕೂತು ಡಬ್ಬಿ ಬಿಚ್ಚಿದಳು. ಅನ್ನದ ಉಂಡೆ, ಒಳಗೆ ಉಮೆಬೋಶಿ, ಅಂದರೆ ಉಪ್ಪಿಗೆ ಹಾಕಿ ಒಣಗಿಸಿದ ಉಮೆಯ ಹಣ್ಣು.

ಅದು ನಾವೇ ಮಾಡಿದ ಉಮೆಬೋಶಿ. ಇಲ್ಲಿ ಮಳೆಗಾಲಕ್ಕೆ ‘ತ್ಸುಯು’ ಎನ್ನುತ್ತಾರೆ, ಬರೆಯುವುದು ಉಮೆ ಮತ್ತು ಮಳೆ ಎಂಬ ಎರಡು ಅಕ್ಷರಗಳಿಂದ. ಉಮೆ ಹಣ್ಣಾಗುವ ಜೂನ್ ತಿಂಗಳ ಮಳೆ. ಆಗ ನಮ್ಮ ದಾರಿಯಲ್ಲಿ ರೈತರು ಚೀಲಗಳಲ್ಲಿ ಉಮೆ ತುಂಬಿ, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ ಇಟ್ಟು ಹೋಗಿರುತ್ತಾರೆ, ಕಾಯುವವರು ಯಾರೂ ಇರುವುದಿಲ್ಲ. ಹಸಿಯಾಗಿ ತಿನ್ನುವ ಹಾಗಿಲ್ಲ, ಎಳೆಯ ಉಮೆಯ ಬೀಜದಲ್ಲಿ ವಿಷದ ಅಂಶವಿದೆ. ಹಳದಿಯಾದ ಹಣ್ಣಿನ ತೊಟ್ಟು ತೆಗೆದು, ತೂಕದ ಐದನೇ ಒಂದು ಪಾಲಿನಷ್ಟು ಉಪ್ಪು ಹಾಕಿ, ಮೇಲೆ ಭಾರ ಹೇರಿದರೆ ಕೆಲವೇ ದಿನಗಳಲ್ಲಿ ರಸ ಮೇಲೇರುತ್ತದೆ. ಕೆಂಪು ಶಿಸೋ ಎಲೆಯನ್ನು ಉಪ್ಪಿನಲ್ಲಿ ತಿಕ್ಕಿ ಸೇರಿಸಿದರೆ ಕೆಂಪು ಬಣ್ಣ. ಮಳೆ ಮುಗಿದ ಮೇಲೆ ಜುಲೈ ಕೊನೆಯ ಬಿಸಿಲಿಗೆ ಮೂರು ದಿನ ಒಣಗಿಸಬೇಕು.

ಇದನ್ನು ಮೊದಲ ಸಲ ಮಾಡುವಾಗ ವಿಡಿಯೋ ಕರೆಯಲ್ಲಿ ಅಮ್ಮ ಇದ್ದಳು. ಅಲ್ಲಿ ಅವಳ ಅಪ್ಪೆಮಿಡಿಯ ಭರಣಿ, ಇಲ್ಲಿ ನನ್ನ ಉಮೆಯ ಭರಣಿ. “ಮಿಡಿ ಮುದುಡಿತೇ? ಉಪ್ಪುನೀರು ಮೇಲೆ ಬಂತೇ? ಹಸಿ ಕೈ ಹಾಕಬೇಡ.” ಅಮ್ಮನಿಗೆ ಅದು ಉಮೆಯಲ್ಲ, ಮಿಡಿ. ಮಗಳೂ ಅಂದಿನಿಂದ ಉಮೆಯ ಕಾಯಿಗೆ ಮಿಡಿ ಎಂದೇ ಹೇಳತೊಡಗಿದಳು. ಎಷ್ಟು ಉಪ್ಪು ಎಂದು ಕೇಳಿದರೆ ಅಮ್ಮನ ಉತ್ತರ ಯಾವಾಗಲೂ, “ಹದ ನೋಡಿ ಹಾಕು.” ಜಪಾನಿಯಲ್ಲಿ ಹದಕ್ಕೆ ಇರುವ ಪದ ‘ಅಂಬಾಯ್’. ಅದನ್ನು ಬರೆಯುವುದು ಉಪ್ಪು ಮತ್ತು ಉಮೆ ಎಂಬ ಅಕ್ಷರಗಳಿಂದ. ವಿನೆಗರ್ ಬಳಕೆಗೆ ಬರುವ ಮೊದಲು ಅಡುಗೆಯ ರುಚಿ ಈ ಎರಡರಿಂದಲೇ ಕೂಡಿಬರುತ್ತಿತ್ತು. ಈಗ ಮೈ ಹೇಗಿದೆ, ಕೆಲಸ ಹೇಗೆ ಸಾಗಿದೆ ಎನ್ನುವುದಕ್ಕೂ ಅದೇ ಪದ.

ಪರೀಕ್ಷೆಯ ಬೆಳಿಗ್ಗೆಯೂ ಡಬ್ಬಿಗೆ ಅದೇ ಕಟ್ಟಿದೆ. ಬೇಲಿಯ ತಿರುವಿನಲ್ಲಿ ಅವಳು ಒಂದು ಕ್ಷಣ ನಿಂತು ಮುಖ ಎತ್ತಿ ಉಸಿರೆಳೆದುಕೊಂಡದ್ದನ್ನು ಕಿಟಕಿಯಿಂದ ನೋಡಿದೆ. ಮಾರ್ಚ್ ಮಧ್ಯದಲ್ಲಿ ಒಂದು ಮಧ್ಯಾಹ್ನದ ಮೊದಲು ನನ್ನ ಮೊಬೈಲಿಗೆ ಎರಡೇ ಪದ ಬಂದವು: ಸಕುರಾ ಸಕು. ಕಚೇರಿಯ ಮೆಟ್ಟಿಲ ಬಳಿ ಹೋಗಿ ಅತ್ತೆ. ಶಿರಸಿಯಲ್ಲಿ ಆಗ ಬೆಳಗಿನ ಹಾಲು ಕಾಯುವ ಹೊತ್ತು. ಅಮ್ಮನನ್ನು ಕೂಗಿ ಹೇಳಿದೆ.

ಹರಕೆ ಹೇಳಿಕೊಂಡ ಮೇಲೆ ಧನ್ಯವಾದ ಹೇಳಲೂ ಹೋಗಬೇಕು, ಅದಕ್ಕೆ ಇಲ್ಲಿ ‘ಒರೇಯ್ ಮಾಯ್ರಿ’ ಎನ್ನುತ್ತಾರೆ. ಏಪ್ರಿಲ್ ಮೊದಲ ವಾರ ಮತ್ತೆ ಯುಶಿಮಾಗೆ ಹೋದೆವು. ಹತ್ತಿರದ ಉಎನೋ ಉದ್ಯಾನದಲ್ಲಿ ಸಕುರಾ ತುಂಬಿ ಅರಳಿತ್ತು, ರಸ್ತೆಯ ಜನವೆಲ್ಲ ಆ ಕಡೆಗೇ ಹರಿಯುತ್ತಿತ್ತು. ಗುಡಿಯ ಅಂಗಳ ಬಹುಮಟ್ಟಿಗೆ ಖಾಲಿ. ಫೆಬ್ರವರಿಯ ಹಲಗೆಗಳ ರಾಶಿ ಕರಗಿತ್ತು. ಉಮೆಯಲ್ಲಿ ಒಂದು ಹೂವೂ ಉಳಿದಿರಲಿಲ್ಲ, ಎಳೆ ಹಸಿರು ಎಲೆ ಬಂದಿತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಮಗಳು ಕೈಮುಗಿದು ಬಂದು, ಮೆಟ್ಟಿಲ ಪಕ್ಕದ ಮರದ ಬಳಿ ನಿಂತು, ಒಂದು ಎಲೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದಳು. ಕೆಳಗೆ ನವಿರು ರೋಮದ, ಕಡಲೆಕಾಳಿಗಿಂತ ಸಣ್ಣ ಹಸಿರು ಗುಂಡು.

“ಅಮ್ಮ, ಇಲ್ಲಿ ನೋಡು” ಎಂದಳು. “ಮಿಡಿ.”